ಝೋಯಾಳ ಸೀಟಿಗೆ ನಾನು ಮಾಡಿದ ವಶೀಲಿ

ಆ ಭಾನುವಾರ ನನ್ನ ಗಂಡ ನಿಯಾಜ್ ಅಡುಗೆಮನೆಯ ಟೇಬಲ್ ಮೇಲೆ ಮೂರು ಲೋಟ ಇಟ್ಟುಕೊಂಡು ನನಗೆ ವಾಷಿಂಗ್ಟನ್ ಊರಿನ ಶಾಲೆಗಳ ಪಾಠ ಮಾಡುತ್ತಿದ್ದರು. ಮೊದಲನೆಯದು ಸರ್ಕಾರಿ ಶಾಲೆ, ಮನೆ ಎಲ್ಲಿದೆ ಎಂದು ನೋಡಿ ಸೀಟು. ಎರಡನೆಯದು ಚಾರ್ಟರ್ ಶಾಲೆ, ದುಡ್ಡು ಸರ್ಕಾರದ್ದು, ನಡೆಸುವವರು ಬೇರೆ, ಅಲ್ಲಿ ಲಾಟರಿ. ಮೂರನೆಯದು ಪ್ರೈವೇಟ್, ಅಲ್ಲಿ ಮಗುವನ್ನೂ ನೋಡುತ್ತಾರೆ, ಅಪ್ಪನ ಜೇಬನ್ನೂ ನೋಡುತ್ತಾರೆ. ನಾನು ಪರೋಟ ಮಗುಚುತ್ತಾ ಹೂಂ ಅನ್ನುತ್ತಿದ್ದೆ.

"ಶಬಾನಾ, ಕೇಳಿಸ್ಕೊಂಡ್ಯಾ?"

"ನೀವಿದ್ದೀರಲ್ಲ, ನನಗ್ಯಾಕೆ? ತೊಳೆದಿಟ್ಟ ಲೋಟ, ಈಗ ಮತ್ತೆ ತೊಳೀಬೇಕು."

ಸೋಮವಾರ ಆಫೀಸಿನಲ್ಲಿ ಅವರಿಗೆ ಎದೆನೋವು ಬಂತು. ಮನೆಗೆ ಬರಲಿಲ್ಲ.

ಬೇಸಿಗೆಯ ಹೊತ್ತಿಗೆ ಮಗಳು ಝೋಯಾಗೆ ಐದು ತುಂಬಿತು. ನಾನು ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮಗಳು ಶಾಲೆಗೆ ಹೋದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆದರೂ ನನಗೆ ಭಯವೇನೂ ಆಗಲಿಲ್ಲ. ಮೈಸೂರಿನಲ್ಲಿ ತಮ್ಮನಿಗೆ ಸೀಟು ಕೊಡಿಸಿದವಳು ನಾನು! ಎಲ್ಲಿಯದಾದರೂ ಸೀಟು ಸೀಟೇ. ಅದಕ್ಕೆ ಬೇಕಾದದ್ದು ಇಂಟರ್‌ವ್ಯೂ ತಯಾರಿ, ಒಂದು ಸ್ವೀಟ್ ಬಾಕ್ಸ್ ಮತ್ತು ಒಬ್ಬರು ದೊಡ್ಡ ಮನುಷ್ಯರು.

ದೊಡ್ಡ ಮನುಷ್ಯರು ನಮ್ಮ ಕೆಳಗಿನ ಮನೆಯಲ್ಲೇ ಇದ್ದರು. ರಾಮಮೂರ್ತಿ ಅಂಕಲ್, ಮಂಡ್ಯದ ರಿಟೈರ್ಡ್ ಹೆಡ್‌ಮಾಸ್ಟರು, ಮಗಳ ಜೊತೆ ಇರುವವರು. ರಿಟೈರ್ ಆದ ಮೇಲೆ ಯಾರೂ ಅವರನ್ನು ವಶೀಲಿಗೆ ಕರೆದಿರಲಿಲ್ಲ. ನಾನು ಕೇಳಿದ್ದೇ ತಡ, ಕೋಟು ಇಸ್ತ್ರಿಗೆ ತೆಗೆದರು.

ಮೊದಲು ಚಾರ್ಟರ್ ಶಾಲೆಗೆ ಹೋದೆವು. ಲಾಟರಿ ಮುಗಿದುಹೋಗಿತ್ತು, ನಾವು ವೇಟಿಂಗ್ ಲಿಸ್ಟಿನ ಬಾಲ.

"ಲಾಟರಿ ಎತ್ತಿದೋರು ಯಾರು ಅಂತ ಕೇಳಮ್ಮ, ಒಂದು ಮಾತಾಡೋಣ," ಎಂದರು ಅಂಕಲ್.

ಕೇಳಿದೆ. ಕಂಪ್ಯೂಟರ್ ಎತ್ತಿತಂತೆ. ಅಂಕಲ್ ಸ್ವಲ್ಪ ಯೋಚಿಸಿ, ಆ ಕಂಪ್ಯೂಟರ್ ನೋಡಿಕೊಳ್ಳುವವರು ನಮ್ಮ ಕಡೆಯವರೇ ಇರಬಹುದು ಎಂದು ಧೈರ್ಯ ಹೇಳಿದರು.

ಆಮೇಲೆ ಪ್ರೈವೇಟ್ ಶಾಲೆ. ಫೀಸು ಕೇಳಿ ಅಂಕಲ್ ಕೂತುಬಿಟ್ಟರು. ನಾನು ನಿಂತೇ ಇದ್ದೆ. ಕುರ್ಚಿ ಒಂದೇ ಇತ್ತು.

ಉಳಿದದ್ದು ಸರ್ಕಾರಿ ಶಾಲೆ. ಅದು ನಮ್ಮ ಬಾತ್‌ರೂಮ್ ಕಿಟಕಿಯಿಂದ ಕಾಣುತ್ತದೆ. ಅಷ್ಟು ಹತ್ತಿರದ ಶಾಲೆ ಒಳ್ಳೆಯದಿರಲು ಹೇಗೆ ಸಾಧ್ಯ ಎಂದು ಅದನ್ನು ಕೊನೆಗಿಟ್ಟಿದ್ದೆ. ಹತ್ತಿರದ ಆಶ್‌ಬರ್ನ್ ಊರಿನಲ್ಲಿರುವ ಗೆಳತಿ, ಅಡ್ರೆಸ್ ತೋರಿಸಿದರೆ ಸಾಕು ಎಂದು ಫೋನಿನಲ್ಲಿ ಹೇಳಿದಳು. ನಾನು ನಂಬಲಿಲ್ಲ. ಸೀಟು ಸಿಕ್ಕಿದವರೆಲ್ಲ ಹೀಗೇ ಹೇಳುತ್ತಾರೆ.

ಒಂದು ವಾರ ಝೋಯಾಗೆ ತರಬೇತಿ ನಡೆಯಿತು. ಹೆಸರು, ಬಣ್ಣಗಳು, ವಾರದ ದಿನಗಳು, ಹಣ್ಣುಗಳು. ನಮ್ಮೂರಿನ ಇಂಟರ್‌ವ್ಯೂಗಳಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ, ಅಪ್ಪ ಏನು ಮಾಡುತ್ತಾರೆ ಎಂದು. ಅದಕ್ಕೆ ಉತ್ತರ ಕಲಿಸುವುದನ್ನು ಮಾತ್ರ ದಿನವೂ ನಾಳೆಗೆ ಮುಂದೂಡಿದೆ.

ಸರ್ಕಾರಿ ಶಾಲೆಗೆ ಹೊರಟ ದಿನ ಸುಡು ಬಿಸಿಲು. ಕೋಟಿನಲ್ಲಿ ಅಂಕಲ್, ಜರಿ ಫ್ರಾಕಿನಲ್ಲಿ ಝೋಯಾ, ಮೈಸೂರುಪಾಕಿನ ಡಬ್ಬಿ ಹಿಡಿದು ನಾನು. ಮೆರವಣಿಗೆಗೆ ವಾದ್ಯವೊಂದೇ ಕಡಿಮೆ. ಆಫೀಸಿನಲ್ಲಿದ್ದ ಹೆಂಗಸು ಕೇಳಿದ್ದು ಒಂದೇ, ಇಲ್ಲಿ ವಾಸವಿರುವುದಕ್ಕೆ ಪುರಾವೆ. ಲೈಟ್ ಬಿಲ್ಲು, ಬಾಡಿಗೆ ಪತ್ರ ಎರಡೂ ಕೊಟ್ಟೆ. ಎರಡೂ ನಿಯಾಜ್ ಹೆಸರಿನಲ್ಲಿದ್ದವು. ಅವರು ಒಮ್ಮೆ ಬಂದು ಹೋಗಬಹುದೇ ಎಂದು ಆಕೆ ಕೇಳಿದಳು.

ನಾನು ಮೈಸೂರುಪಾಕಿನ ಡಬ್ಬಿಯನ್ನು ಆಕೆಯತ್ತ ಸರಿಸಿದೆ. ಅಂಕಲ್ ಎದ್ದು, ಪ್ರಾರ್ಥನೆಯ ಮೈದಾನದಲ್ಲಿ ಮಾತಾಡುವ ದನಿಯಲ್ಲಿ, ಇದು ಬಹಳ ಮರ್ಯಾದಸ್ಥ ಕುಟುಂಬ ಎಂದು ಭಾಷಣ ಶುರುಮಾಡಿದರು. ಅಷ್ಟರಲ್ಲಿ, ಇನ್ನೂ ಯಾರೂ ತನ್ನನ್ನು ಏನೂ ಕೇಳಲಿಲ್ಲವಲ್ಲ ಎಂದು ಕಾಯುತ್ತಿದ್ದ ಝೋಯಾ ತಾನೇ ಒಪ್ಪಿಸತೊಡಗಿದಳು. ಹೆಸರು ಆಯಿತು, ಬಣ್ಣ ಆಯಿತು, ಶನಿವಾರದವರೆಗೆ ದಿನಗಳಾದವು, ಮಾವಿನಹಣ್ಣಿಗೆ ಬಂದು ಉಸಿರೆಳೆದುಕೊಂಡು ಇಂಗ್ಲಿಷಿನಲ್ಲಿ ಮುಂದುವರಿಸಿದಳು. "ನಮ್ಮ ಅಬ್ಬಾ ಕಂಪ್ಯೂಟರ್ ಸರಿಮಾಡ್ತಿದ್ರು. ಈಗ ಸತ್ತುಹೋಗಿದಾರೆ. ನಮ್ಮನೆ ಅದೇ, ಕಾಣಿಸ್ತಿದೆಯಲ್ಲ."

ಅಂಕಲ್ ಭಾಷಣ ಬಿಟ್ಟು ಕುರ್ಚಿಯಲ್ಲಿ ಕೂತರು.

ಆಕೆ ಮೇಜಿನಿಂದ ಎದ್ದು ಬಂದು ನನ್ನ ಪಕ್ಕ ಕೂತಳು. ನಿನ್ನ ಹೆಸರು, ಈ ಅಡ್ರೆಸ್ ಇರುವ ಸಂಬಳದ ಚೀಟಿ ಇದ್ದರೂ ಆಗುತ್ತದೆ ಎಂದಳು. ಬೇಕರಿಯದು ನನ್ನ ಫೋನಿನಲ್ಲೇ ಇತ್ತು. ನಾಲ್ಕು ಕಡೆ ಸಹಿ ಹಾಕಿದೆ, ಮುಗಿಯಿತು. ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲವೆಂದು ಮೈಸೂರುಪಾಕು ವಾಪಸು ಬಂತು.

"ಇಷ್ಟೇನಾ? ಮಗೂನ ಒಂದು ಪ್ರಶ್ನೆ ಕೇಳ್ಲಿಲ್ಲ, ನನ್ನನ್ನೂ ಕೇಳ್ಲಿಲ್ಲ," ಎಂದು ದಾರಿಯುದ್ದಕ್ಕೂ ಗೊಣಗುತ್ತಾ, ಸಕ್ಕರೆ ಕಾಯಿಲೆಯನ್ನು ಮರೆತು, ಅಂಕಲ್ ಅರ್ಧ ಡಬ್ಬಿ ಮುಗಿಸಿದರು. ಅವರ ಮಗಳು ನನ್ನ ಜೊತೆ ಒಂದು ವಾರ ಮಾತು ಬಿಟ್ಟಳು.

ಆ ಸೀಟು ಮೊದಲಿನಿಂದಲೂ ಝೋಯಾಳದೇ ಆಗಿತ್ತಂತೆ. ತನ್ನದೇ ಸೀಟಿಗೆ ಊರೆಲ್ಲ ಸುತ್ತಿ ವಶೀಲಿ ಮಾಡಿದವಳು ಈ ವಾಷಿಂಗ್ಟನ್ನಿನಲ್ಲಿ ನಾನೊಬ್ಬಳೇ ಇರಬೇಕು.

ಈಗ ದಿನಾ ಬೆಳಿಗ್ಗೆ ಶಾಲೆಗೆ ನಡೆದುಕೊಂಡು ಹೋಗುತ್ತೇವೆ. ರಸ್ತೆ ದಾಟುವಾಗ ಝೋಯಾ ಅಭ್ಯಾಸಬಲದಿಂದ ಎರಡೂ ಕೈ ಚಾಚುತ್ತಾಳೆ. ಒಂದನ್ನು ನಾನು ಹಿಡಿಯುತ್ತೇನೆ. ಇನ್ನೊಂದನ್ನು ಹಿಡಿಯಲು ನಿಯಾಜ್ ಇಲ್ಲ.