ಸಕ್ಕರೆ ಬೂಟಿನ ಭದ್ರತೆ

ಮೋಸ ಹೋಗದೆ ಬಾಳುವುದು ಹೇಗೆಂದು ನಾನು ಒಂದೂವರೆ ಗಂಟೆಯಲ್ಲಿ ಕಲಿತೆ. ಹಾಗೆ ಕಲಿತದ್ದರಿಂದ ಮಾನ ಹೋಗುವುದಕ್ಕೆ ಒಂದೇ ಒಂದು ಮಧ್ಯಾಹ್ನ ಸಾಕಾಯಿತು.

ನಮ್ಮದೊಂದು ಪುಟ್ಟ ಕೇಕ್ ಅಂಗಡಿ. ಹಿಂದಿನ ಕೋಣೆಯಲ್ಲಿ ಓವನ್ನಿನ ಎದುರು ನನ್ನ ಹೆಂಡತಿ ಬೆವರುತ್ತಾಳೆ. ಮುಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ನಾನು ಆಡಳಿತ ನಡೆಸುತ್ತೇನೆ. ಹೋದ ವಾರ ವರ್ತಕರ ಸಂಘದಲ್ಲಿ ‘ಸಣ್ಣ ಅಂಗಡಿ, ದೊಡ್ಡ ಅಪಾಯ’ ಎಂಬ ಉಪನ್ಯಾಸವಿತ್ತು. (ಕಾಫಿ, ಬಿಸ್ಕತ್ತೂ ಇದ್ದವು. ನಾನು ಹೋದದ್ದು ಜ್ಞಾನಕ್ಕಾಗಿ.) ಈಗಿನ ಕಳ್ಳರು ಗೋಡೆ ಕೊರೆಯುವುದಿಲ್ಲವಂತೆ, ಫೋನಿನೊಳಗಿಂದ ಬರುತ್ತಾರಂತೆ. ಯಂತ್ರಗಳು ಯಾರ ದನಿಯನ್ನಾದರೂ ನಕಲು ಮಾಡುತ್ತವಂತೆ. “ಅಪರಿಚಿತ ನಂಬರು, ಪರಿಚಿತ ದನಿ, ವಿಪರೀತ ಅವಸರ, ಈ ಮೂರೂ ಒಟ್ಟಿಗೆ ಬಂದರೆ ಹುಷಾರ್!” ಎಂದು ಉಪನ್ಯಾಸಕರು ಮೇಜು ಗುದ್ದಿದಾಗ ನನ್ನ ಬಿಸ್ಕತ್ತು ಕಾಫಿಯಲ್ಲಿ ಮುಳುಗಿಹೋಯಿತು.

ಮನೆಗೆ ಬಂದವನೇ ಸಾಮ್ರಾಜ್ಯದ ರಕ್ಷಣೆಗೆ ನಿಂತೆ. ಅಂಗಡಿಯ ಕಂಪ್ಯೂಟರಿಗೆ ಇಪ್ಪತ್ತೆರಡು ಅಕ್ಷರಗಳ ಪಾಸ್‌ವರ್ಡ್ ಇಟ್ಟೆ. ಹೆಂಡತಿಯ ಫೋನಿಗೆ ಮೂರು ಕಾವಲು ಆ್ಯಪುಗಳನ್ನು ತುಂಬಿದೆ.

“ರೀ, ಈ ಪಾಸ್‌ವರ್ಡ್ ಒತ್ತಿ ಮುಗಿಸೋಷ್ಟರಲ್ಲಿ ಒಂದು ಕೇಕ್ ಬೆಂದಿರುತ್ತೆ.”

“ಕಳ್ಳನಿಗೂ ಅಷ್ಟೇ ಹೊತ್ತು ಬೇಕಲ್ಲ? ಅದೇ ಭದ್ರತೆ.”

“ಬಂದು ಏನು ಕದೀತಾನೆ, ಕ್ರೀಮ್ ಬನ್ನಾ?”

“ಗುರುತು ಕದೀತಾನೆ ಕಣೇ, ಗುರುತು! ನಾಳೆ ಯಾವನೋ ಬಂದು ‘ನಾನೇ ನಿನ್ನ ಗಂಡ’ ಅಂದ್ರೆ ಏನ್ಮಾಡ್ತೀಯ?”

“ಪಾತ್ರೆ ತೊಳೀರಿ ಅಂತೀನಿ. ತೊಳೆದ್ರೆ ನೀವಲ್ಲ ಅಂತ ಗೊತ್ತಾಗುತ್ತೆ.”

ಅವಳ ಭದ್ರತಾ ನೀತಿ ಒಂದೇ. ಒಡೆಯುವಂಥದ್ದು ಏನು ಮಾಡಿದರೂ ಎರಡು ಮಾಡುತ್ತಾಳೆ. ಸಕ್ಕರೆಯ ಗುಲಾಬಿಯೋ, ಚಿಟ್ಟೆಯೋ, ಕೇಕಿನ ಮೇಲೆ ಒಂದು ಕೂತರೆ ಇನ್ನೊಂದು ಡಬ್ಬಿಯಲ್ಲಿ ಕಾಯುತ್ತಿರುತ್ತದೆ. ಇದಕ್ಕೆ ಉಪನ್ಯಾಸದಲ್ಲಿ ಒಂದು ದೊಡ್ಡ ಹೆಸರಿತ್ತು. ಹೇಳಿಕೊಟ್ಟೆ. ಅವಳು “ಹೌದಾ” ಎಂದು ಮೊಟ್ಟೆ ಒಡೆದಳು.

ಶುಕ್ರವಾರದ ಕೇಕು ಮಾತ್ರ ಎಲ್ಲ ಕೇಕುಗಳಂಥದ್ದಲ್ಲ. ಆಸ್ಪತ್ರೆಯ ಸಿಸ್ಟರ್ ಮೂವತ್ತಾರು ವರ್ಷದ ಕೆಲಸ ಮುಗಿಸಿ ಅಂದು ಸಂಜೆ ಐದಕ್ಕೆ ನಿವೃತ್ತರಾಗುವವರಿದ್ದರು. ಕೂಡಲೇ ಬಸ್ಸು ಹಿಡಿದು ದೂರದ ತಂಗಿಯ ಮನೆಗೆ ಹೊರಡುವವರು. ಮತ್ತೆ ಈ ಕಡೆ ಬರುವವರಲ್ಲ. ವಾರ್ಡಿನವರು ಅವರಿಗೆ ಗೊತ್ತಾಗದಂತೆ ನಮ್ಮಲ್ಲಿ ಕೇಕ್ ಹೇಳಿದ್ದರು. ಆರು ವರ್ಷದ ಹಿಂದೆ ನನ್ನ ಹೆಂಡತಿ ನ್ಯುಮೋನಿಯಾ ಆಗಿ ಮಲಗಿದ್ದಾಗ ಅವಳನ್ನು ನೋಡಿಕೊಂಡವರು ಇದೇ ಸಿಸ್ಟರ್.

“ತಲೆ ಎತ್ತೋಕಾಗ್ತಿರ್ಲಿಲ್ಲ,” ಎನ್ನುತ್ತಾಳೆ ಇವಳು. “ಮಲಗಿದಲ್ಲಿಂದ ಕಾಣ್ತಿದ್ದದ್ದು ಅವರ ಬಿಳಿ ಬೂಟು ಮಾತ್ರ. ಅದು ಬಂತು ಅಂದ್ರೆ, ಬದುಕ್ತೀನಿ ಅನ್ನಿಸ್ತಿತ್ತು.”

ಹಾಗಾಗಿ ಕೇಕಿನ ನೆತ್ತಿಯ ಮೇಲೆ ಸಕ್ಕರೆಯ ಒಂದು ಜೊತೆ ಬಿಳಿ ಬೂಟು. ಮೂರು ದಿನ ಉಸಿರು ಬಿಗಿಹಿಡಿದು ಮಾಡಿದಳು. ಶುಕ್ರವಾರ ಮೂರೂವರೆಗೆ ಕೇಕನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೊರಟಳು. “ಐದರೊಳಗೆ ಇದು ಅವರ ಕಣ್ಣಿಗೆ ಬೀಳ್ಬೇಕು ರೀ. ನಾನು ಅವರಿಗೆ ಥ್ಯಾಂಕ್ಸ್ ಅಂತಾನೂ ಹೇಳಿರ್ಲಿಲ್ಲ.”

ನಾಲ್ಕು ಗಂಟೆ ಐದು ನಿಮಿಷಕ್ಕೆ ಅಂಗಡಿಯ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ರೀ, ನಾನು! ಆಸ್ಪತ್ರೆ ಹತ್ರ ರಸ್ತೆ ಉಬ್ಬಿಗೆ ಆಟೋ ಎಗರಿ ಎಡಗಾಲಿನ ಬೂಟು ಮುರಿದೋಯ್ತು. ಮೇಲಿನ ಶೆಲ್ಫಲ್ಲಿ ತಗಡಿನ ಡಬ್ಬೀಲಿ ಇನ್ನೊಂದು ಜೊತೆ ಇದೆ. ಅದೇ ಆಟೋದವರನ್ನ ಕಳಿಸಿದ್ದೀನಿ, ಕೊಟ್ಬಿಡಿ. ಬೇಗ!”

ಅಪರಿಚಿತ ನಂಬರು. ಪರಿಚಿತ ದನಿ. ವಿಪರೀತ ಅವಸರ. ನನ್ನ ಮೈಯಲ್ಲಿ ಉಪನ್ಯಾಸ ಜುಮ್ಮೆಂದಿತು.

“ತಾವು ಯಾರು?” ಎಂದೆ.

“ಏನಾಗಿದೆ ನಿಮಗೆ? ಬಿಸಿಲಿಗೆ ಹೋಗಿದ್ರಾ?”

“ಸ್ವಂತ ಫೋನಿನಿಂದ ಯಾಕೆ ಮಾಡ್ತಿಲ್ಲ?”

“ನೀವು ತುಂಬಿದ ಆ ಮೂರು ಕಾವಲುಗಾರರು ಸೇರ್ಕೊಂಡು ಚಾರ್ಜೆಲ್ಲ ಕುಡಿದು ಮಲಗಿದ್ದಾರೆ. ಇದು ವಾರ್ಡಿನವರ ಫೋನು.”

ಎಷ್ಟು ಪಳಗಿದ ಯಂತ್ರ ನೋಡಿ! ಆದರೆ ನನ್ನ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು: ಗಂಡಹೆಂಡಿರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಪ್ರಶ್ನೆ. “ನಾವು ಮೊದಲ ಸಲ ಭೇಟಿಯಾದಾಗ ನಿನ್ನ ಕೈಯಲ್ಲಿದ್ದ ಛತ್ರಿಯ ಬಣ್ಣ ಯಾವುದು?”

“ನನ್ನ ಹತ್ರ ಛತ್ರಿ ಎಲ್ಲಿತ್ತು?”

ಸಿಕ್ಕಿಬಿದ್ದಿತು! ಇಪ್ಪತ್ತು ವರ್ಷಗಳಿಂದ ಮಳೆ ಬಂದಾಗಲೆಲ್ಲ ನಾನು ಆ ನೀಲಿ ಛತ್ರಿಯ ಕಥೆ ಹೇಳುತ್ತ ಬಂದಿದ್ದೇನೆ. ಅವಳು ತಲೆ ತಗ್ಗಿಸಿ ನಗುತ್ತ ಬಂದಿದ್ದಾಳೆ.

“ತಪ್ಪು! ನೀಲಿ! ನೀನು ಯಂತ್ರ!”

“ನೀಲಿ ಛತ್ರಿ ಹಿಡ್ಕೊಂಡಿದ್ದು ನಮ್ಮಕ್ಕ! ನಾನು ನೆನೆದು ತೊಪ್ಪೆಯಾಗಿ ಹಿಂದೆ ಬರ್ತಿದ್ದೆ. ಪಾಪ, ಅಷ್ಟು ಆಸೆಯಿಂದ ಹೇಳ್ತಾರಲ್ಲ ಅಂತ ಇಷ್ಟು ವರ್ಷ ಸುಮ್ನಿದ್ದೆ. ಈಗ ಡಬ್ಬಿ ಕೊಡ್ತೀರೋ ಇಲ್ವೋ?”

ಫೋನಿಟ್ಟುಬಿಟ್ಟೆ. ಸಂಸಾರ ಒಡೆಯುವ ಯಂತ್ರ! ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿ ಕೀಲಿಯನ್ನು ಕಾಲುಚೀಲದಲ್ಲಿ ಸೇರಿಸಿದೆ.

ಸ್ವಲ್ಪ ಹೊತ್ತಿಗೆ ಆಟೋದವರು ಬಂದರು. ನನಗಿಂತ ಹಿರಿಯರು, ಹೆಗಲ ಮೇಲೊಂದು ಟವೆಲು. “ಯಜಮಾನ್ರೇ, ಡಬ್ಬಿ.”

“ಗುರುತಿನ ಚೀಟಿ?”

ಲೈಸೆನ್ಸ್ ತೋರಿಸಿದರು. ಫೋಟೋದಲ್ಲಿ ಪೊದೆ ಮೀಸೆ. ಎದುರಿಗೆ ಬೋಳು ತುಟಿ. “ಮೀಸೆ ಎಲ್ಲಿ?”

“ತೆಗೆಸ್ದೆ. ಮನೆಯವಳಿಗೆ ಚುಚ್ಚುತ್ತಂತೆ.”

“ಇದಕ್ಕೆ ಸಾಕ್ಷಿ?”

“ಅದಕ್ಕೂ ಸಾಕ್ಷಿ ಇಟ್ಕೊಂಡು ಮಾಡ್ತಾರಾ ಸ್ವಾಮಿ?” ಅವರು ನಿಟ್ಟುಸಿರುಬಿಟ್ಟು ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. “ಕೊಡಲ್ಲ ಅಂದ್ರೆ ಇದನ್ನ ತೋರಿಸಿ ಅಂದ್ರು ಅಮ್ಮಾವ್ರು.”

ಒಳಗೆ ಮುರಿದ ಸಕ್ಕರೆ ಬೂಟು. ಸೂಜಿಯಿಂದ ಚುಚ್ಚಿದ ಲೇಸಿನ ತೂತುಗಳು. ಹಿಮ್ಮಡಿಯನ್ನು ಹೊರಬದಿಗೆ ತುಸುವೇ ಸವೆದಂತೆ ತಿದ್ದಲಾಗಿತ್ತು. ನಾನು ಅದನ್ನು ಅಂಗೈ ಮೇಲಿಟ್ಟುಕೊಂಡು ನಿಂತೆ. ಯಾವ ಕಳ್ಳ ತಾನೇ, ಯಾವ ಯಂತ್ರ ತಾನೇ, ಒಬ್ಬ ನರ್ಸಿನ ಬೂಟು ಯಾವ ಕಡೆ ಸವೆಯುತ್ತದೆಂದು ಆರು ವರ್ಷ ನೆನಪಿಟ್ಟುಕೊಳ್ಳುತ್ತದೆ?

ಅಂದರೆ ಫೋನು ಮಾಡಿದ್ದು ಅವಳೇ. (ಅಂದರೆ ಛತ್ರಿ... ಅದನ್ನು ಆಮೇಲೆ ಯೋಚಿಸೋಣವೆಂದುಕೊಂಡೆ.)

ಗಂಟೆ ನಾಲ್ಕೂವರೆ. ಡಬ್ಬಿಯನ್ನು ಎದೆಗವಚಿಕೊಂಡು ಆಟೋ ಹತ್ತಿದೆ. ಬೀರೂ ಅಂಗಡಿಯ ಬಾಗಿಲೂ ಹಿಂದೆ ತೆರೆದೇ ಉಳಿದವು. ನನ್ನ ಮೊಬೈಲು ಕೌಂಟರಿನ ಮೇಲೆ ದಾರಿಹೋಕರ ದರ್ಶನಕ್ಕೆ ಕೂತಿತ್ತು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. “ಯಾರನ್ನ ನೋಡ್ಬೇಕು?”

“ನನ್ನ ಹೆಂಡತೀನ.”

“ಏನು ಕಾಯಿಲೆ?”

“ಕಾಯಿಲೆ ಏನಿಲ್ಲ. ಬೂಟು ತಂದಿದ್ದೀನಿ.”

“ಡಬ್ಬೀಲಾ?”

“ಸಕ್ಕರೆ ಬೂಟು.”

ಅವನು ಒಂದು ಹೆಜ್ಜೆ ಹಿಂದೆ ಸರಿದ. “ಅವರಿಗೆ ಫೋನ್ ಮಾಡಿ, ಬಂದು ಕರ್ಕೊಂಡು ಹೋಗ್ಲಿ.”

ಫೋನು ಅಂಗಡಿಯಲ್ಲಿತ್ತು. ವಾರ್ಡಿನ ನಂಬರು ಗೊತ್ತಿರಲಿಲ್ಲ. ನನಗೆ ಬಾಯಿಪಾಠವಿದ್ದದ್ದು ಇಪ್ಪತ್ತೆರಡು ಅಕ್ಷರ ಮಾತ್ರ.

“ನೀವು ಯಾರೋ ಏನೋ, ನನಗೇನು ಗೊತ್ತು ಸಾರ್?” ಎಂದ. ನ್ಯಾಯವಾದ ಮಾತು. ಉಪನ್ಯಾಸದಲ್ಲಿ ಇವನಿಗೆ ಮೊದಲ ಸಾಲಿನ ಕುರ್ಚಿ ಹಾಕಬೇಕಿತ್ತು.

ನಾನು ಆಟೋದವರ ಕಡೆ ದೀನನಾಗಿ ನೋಡಿದೆ. “ನೀವಾದ್ರೂ ಹೇಳಿ.”

“ನನ್ನ ಮೀಸೇನೇ ನಂಬದೋರ ಪರವಾಗಿ ನಾನೇನಂತ ಹೇಳ್ಲಿ?” ಎಂದು ಅವರು ಆಕಾಶ ನೋಡಿದರು.

ಐದಕ್ಕೆ ಹತ್ತು ನಿಮಿಷ. ಕಾರಿಡಾರಿನಲ್ಲಿ ಚೀಲ ಹಿಡಿದು ಸಿಸ್ಟರ್ ಬರುತ್ತಿದ್ದರು. ಅವರನ್ನು ಏನೇನೋ ನೆಪ ಹೇಳಿ ತಡೆಯುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಹಿಂದೆಯೇ ನನ್ನ ಹೆಂಡತಿ. ಗೇಟಿನ ಜಗಳ ಕೇಳಿ ಸಿಸ್ಟರ್ ನಿಂತರು. ಕನ್ನಡಕ ಏರಿಸಿ ನನ್ನನ್ನು ನೋಡಿದರು. ನಾನು ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

“ಬಿಡಪ್ಪ ಅವರನ್ನ, ಚೆನ್ನಾಗಿ ಗೊತ್ತು ನನಗೆ,” ಎಂದರು ಗೇಟಿಗೆಲ್ಲ ಕೇಳುವಂತೆ. “ಇವರ ಹೆಂಡತಿ ನಮ್ಮಲ್ಲಿದ್ದಾಗ ಕಾರಿಡಾರಿನ ಕೊನೇ ಬೆಂಚಲ್ಲಿ ಹನ್ನೊಂದು ದಿನ ಕೂತು ಅತ್ತವರು ಇವರೇ. ಅಳೋ ಶಬ್ದಕ್ಕೆ ಬೇರೆ ಪೇಷಂಟುಗಳು ಕಂಪ್ಲೇಂಟ್ ಕೊಟ್ಟಿದ್ರು.”

ಕಾವಲುಗಾರ ಕೋಲು ಇಳಿಸಿದ. ನನ್ನ ಹೆಂಡತಿ ನನ್ನನ್ನೇ ನೋಡುತ್ತ ನಿಂತಳು. ಆ ದಿನಗಳ ಬಗ್ಗೆ ನಾನು ಅವಳಿಗೆ ಹೇಳಿದ್ದೆಲ್ಲ ಬೇರೆ. ಬಂಡೆಯಂತಿದ್ದೆ ಎಂದೇ ಹೇಳಿದ್ದೆ.

ಆಮೇಲಿನದು ಸರಸರನೆ ನಡೆಯಿತು. ವಾರ್ಡಿನಲ್ಲಿ ಬೂಟು ಕೇಕನ್ನೇರಿತು. ಸಿಸ್ಟರ್ ಚೀಲ ಕೆಳಗಿಟ್ಟರು. ಕೇಕನ್ನೂ, ತಮ್ಮ ಕಾಲನ್ನೂ, ಮತ್ತೆ ಕೇಕನ್ನೂ ನೋಡಿ, ನನ್ನ ಹೆಂಡತಿಯ ಕೆನ್ನೆಯ ಮೇಲೆ ಅಂಗೈ ಇಟ್ಟರು. ಬಸ್ಸಿಗೆ ಹೊರಟಾಗ ಆ ಬೂಟುಗಳನ್ನು ಡಬ್ಬಿಯ ಸಮೇತ ಒಯ್ದರು.

ಹಿಂತಿರುಗುವಾಗ ಅದೇ ಆಟೋದಲ್ಲಿ ಅವಳು ನನ್ನ ಕಡೆ ತಿರುಗಿ ಕೂತಳು.

“ಹನ್ನೊಂದು ದಿನಾನೂ ಅತ್ರಾ?” ಎಂದಳು ಮೆಲ್ಲಗೆ.

“ಸಿಸ್ಟರಿಗೆ ವಯಸ್ಸಾಯ್ತು,” ಎಂದೆ ಘನತೆಯಿಂದ. “ಲೆಕ್ಕ ತಪ್ಪಿದ್ದಾರೆ.”

“ಮತ್ತೆ?”

“ಆ ಬೆಂಚಲ್ಲಿ ಅತ್ತಿದ್ದು ಒಂಬತ್ತೇ ದಿನ. ಎರಡು ದಿನ ಅಂಗಡೀಲಿ ಅತ್ತಿದ್ದೆ.”

ಅವಳು ನನ್ನ ತೋಳಿಗೆ ತಲೆಯಿಟ್ಟಳು. ಮುಂದೆ ಕೂತಿದ್ದ ಆಟೋದವರು ತಿರುಗಿಯೂ ನೋಡದೆ ಹೆಗಲ ಮೇಲಿನ ಟವೆಲನ್ನು ಹಿಂದಕ್ಕೆ ಚಾಚಿದರು. “ತಗೊಳ್ಳಿ ಯಜಮಾನ್ರೇ,” ಎಂದರು. “ಇದಕ್ಕೆ ಸಾಕ್ಷಿ ಬೇಡ.”