ಪಾಸ್ಕದ ಊಟಕ್ಕೆ ಬಂದ ಪ್ರಶ್ನೆ

ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಕೇಳುವುದು ನನ್ನ ಹುಟ್ಟುಗುಣ. ಯಲಹಂಕದ ನಮ್ಮ ಚರ್ಚಿನಲ್ಲಿ ಇಪ್ಪತ್ತೆರಡು ವರ್ಷ, ಭಾನುವಾರದ ಪೂಜೆ ಮುಗಿದ ಮೇಲೆ, ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಟ್ಟೆ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ, ಮಕ್ಕಳ ಕೆಲಸ ಬಾಯಿಪಾಠ. ನಾನು ಸಂಪಾದಿಸಿದ್ದು ಅಂತ ಏನಾದರೂ ಇದ್ದರೆ 'ಮೇಷ್ಟ್ರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ' ಎಂಬ ಹೆಸರೊಂದೇ. ಪಕ್ಕದ ಕೋಗಿಲಿನಲ್ಲಿ ಸೈಟು ಮಾಡಬೇಕಾದ ವಯಸ್ಸಿನಲ್ಲಿ ಈ ಮನುಷ್ಯ ಹೆಸರು ಮಾಡಿಕೊಂಡು ಕೂತರು ಎಂದು ನನ್ನ ಹೆಂಡತಿ ಫಿಲೋಮಿನಾ ಈಗಲೂ ಆಡಿಕೊಳ್ಳುತ್ತಾಳೆ.

ಈ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ಚರ್ಚಿನ ಯುವಕ ಯುವತಿಯರಿಗೆ ಯೇಸುಸ್ವಾಮಿ ಯೆಹೂದ್ಯರಾಗಿದ್ದರು ಎಂಬುದು ಹೊಳೆಯಿತು. ನನಗೂ ಗೊತ್ತಿದ್ದ ವಿಷಯವೇ. ಆದರೆ ನಮ್ಮ ಮನೆಯ ಪಟದಲ್ಲಿ ಸ್ವಾಮಿಗೆ ಜೇನುಬಣ್ಣದ ಕೂದಲು, ನೀಲಿ ಕಣ್ಣು. ಅದನ್ನೇ ನೋಡಿಕೊಂಡು ಬೆಳೆದವನಿಗೆ ಇಂಥದ್ದು ಬೇಗ ಹೊಳೆಯುವುದಿಲ್ಲ. ಗುಂಪಿನ ಮುಂದಾಳು ಸ್ಟೆಲ್ಲಾ ನನ್ನ ಹಳೆಯ ವಿದ್ಯಾರ್ಥಿನಿ, ಮಗಳು ಅನಿತಾಳ ಜೊತೆ ಓದಿದವಳು, ಈಗ ಹೆಬ್ಬಾಳದಲ್ಲಿ ಫಿಸಿಯೋಥೆರಪಿಸ್ಟ್. ಒಂದು ದಿನ ಮನೆಗೆ ಬಂದು, "ಮೇಷ್ಟ್ರೇ, ಸ್ವಾಮಿ ಸಾಯೋ ಹಿಂದಿನ ರಾತ್ರಿ ಮಾಡಿದ ಪಾಸ್ಕ ಹಬ್ಬದ ಊಟ ಹೆಂಗಿತ್ತು ಅಂತ ತಿಳ್ಕೊಳ್ಳೋಕೆ ನಾವೂ ಒಂದು ಊಟ ಇಟ್ಕೋತಿದೀವಿ. ನಿಮ್ಮನೇಲೇ ಮಾಡೋಣ್ವಾ? ಮನೇ ಹಿರಿಯರಾಗಿ ನೀವೇ ಕೂತ್ಕೋಬೇಕು" ಎಂದಳು. ಆ ಊಟದಲ್ಲಿ ಕಿರಿಯರು ಪ್ರಶ್ನೆ ಕೇಳುವುದು, ಹಿರಿಯರು ಉತ್ತರ ಹೇಳುವುದು ಯೆಹೂದ್ಯರ ಪದ್ಧತಿಯಂತೆ. ನನಗೆಂದೇ ಹೇಳಿ ಮಾಡಿಸಿದ ಹಾಗಿತ್ತು, ಒಪ್ಪಿಕೊಂಡೆ.

ಷರತ್ತು ಒಂದೇ, ಹುದುಗು ಬಂದದ್ದೇನೂ ಮನೆಯಲ್ಲಿರಬಾರದು. ಅವರ ಹುಳಿಯಿಲ್ಲದ ರೊಟ್ಟಿಯ ಜಾಗಕ್ಕೆ ಚಪಾತಿ, ಕಹಿಸೊಪ್ಪಿನ ಜಾಗಕ್ಕೆ ಹಾಗಲಕಾಯಿ ಅಂತಾಯಿತು. ಆದರೆ ಅಡುಗೆಮನೆಯಲ್ಲಿ ಒಂದು ಪಾತ್ರೆ ದೋಸೆಹಿಟ್ಟು ಉಕ್ಕಿ ಕೂತಿತ್ತು. ಎಸೆದುಬಿಡು ಎಂದೆ. "ಮೊದ್ಲು ನಿಮ್ಮನ್ನ ಎಸೀತೀನಿ" ಎಂದು ಫಿಲೋಮಿನಾ ಅದನ್ನು ಪಕ್ಕದ ಮನೆಯ ಸುನಂದಮ್ಮನವರಿಗೆ ಕೊಟ್ಟು ಬಂದಳು. ಸುನಂದಮ್ಮ ಯಾರ ಪಾತ್ರೆಯನ್ನೂ ಖಾಲಿ ಹಿಂದಿರುಗಿಸುವವರಲ್ಲ. ಸಂಜೆ ಅನಿತಾಳೂ ಸೇರಿ ಹತ್ತು ಜನ ಸುತ್ತ ಕೂತು ನಾನು ಚಪಾತಿ ಮುರಿಯುವ ಹೊತ್ತಿಗೆ ಸರಿಯಾಗಿ, ಅದೇ ಪಾತ್ರೆ ತುಂಬ ದೋಸೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಿಮ್ಮನೇಲಿ ಏನೋ ಪೂಜೆ ಅಂತಲ್ಲ, ಹಿಟ್ಟು ಚೆನ್ನಾಗಿ ಹುಳಿ ಬಂದಿತ್ತು, ಹುಡುಗ್ರು ತಿನ್ಲಿ ಅಂತ ಹುಯ್ದೆ ಕಣ್ರೀ." ಬೇಡ ಎನ್ನಲು ಯಾರಿಗೆ ಧೈರ್ಯ? ಪಾತ್ರೆಯನ್ನು ವರಾಂಡದ ಕುರ್ಚಿಯ ಮೇಲೆ ಇಟ್ಟು ಒಳಗೆ ಬಂದು ಕೂತೆ.

ಪ್ರಶ್ನೆಗಳು ಶುರುವಾದವು. ಹುದುಗು ಯಾಕಿಲ್ಲ? ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿದ್ದ ಯೆಹೂದ್ಯರು ಬಿಡುಗಡೆಯಾಗಿ ಹೊರಟ ಅವಸರದಲ್ಲಿ ಹಿಟ್ಟು ಹುಳಿಯಲು ಬಿಡುವಿರಲಿಲ್ಲ. ಕಹಿ ಯಾಕೆ? ಗುಲಾಮಗಿರಿಯ ನೆನಪಿಗೆ. ಹಿಂದಿನ ದಿನವೇ ಓದಿಟ್ಟುಕೊಂಡಿದ್ದೆ, ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಇಷ್ಟವಾಗತೊಡಗಿತು. ಆಗ ಸ್ಟೆಲ್ಲಾ ಬ್ಯಾಗಿನಿಂದ ಒಂದು ಹಳೆಯ ಕಾಗದ ತೆಗೆದು, "ಇದೂ ಒಂದು ಪ್ರಶ್ನೆ ಇದೆ ಮೇಷ್ಟ್ರೇ" ಎಂದು ಮುಂದಿಟ್ಟಳು.

ಅದು ಅವಳ ಏಳನೇ ಕ್ಲಾಸಿನ ಜ್ಞಾನೋಪದೇಶ ಪರೀಕ್ಷೆಯ ಉತ್ತರಪತ್ರಿಕೆ. ಯೇಸುಸ್ವಾಮಿಯನ್ನು ಕೊಂದವರು ಯಾರು ಎಂದು ನಾನು ಕೇಳಿದ್ದೆ. ಶಿಲುಬೆಗೆ ಹಾಕಿದವರು ರೋಮನ್ ಸೈನಿಕರು, ಕಾರಣ ನಮ್ಮೆಲ್ಲರ ಪಾಪ ಎಂದು ಅವಳು ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ನನ್ನ ದುಂಡು ಅಕ್ಷರದಲ್ಲಿ 'ಯೆಹೂದ್ಯರು', ಮುಂದೆ ಸೊನ್ನೆ. ಆ ಒಂದು ಮಾರ್ಕಿನಿಂದ ಅವಳಿಗೆ ಮೊದಲ ಬಹುಮಾನ ತಪ್ಪಿತ್ತು. ಬಹುಮಾನ ಬಂದದ್ದು, ನಾನು ಹೇಳಿಕೊಟ್ಟಿದ್ದನ್ನೇ ಬರೆದ ನನ್ನ ಮಗಳಿಗೆ.

ನನಗೆ ಕಲಿಸಿದ್ದನ್ನು ನಾನು ಕಲಿಸಿದೆ ಎನ್ನಬಹುದಿತ್ತು. ಆದರೆ ಯೆಹೂದ್ಯರ ಊಟಕ್ಕೆ ಕೂತು, ಅವರ ಕಷ್ಟದ ಕತೆಯನ್ನು ಅಷ್ಟು ಠೀವಿಯಿಂದ ಹೇಳಿದ ಬಾಯಲ್ಲಿ ಆ ಮಾತು ಬರಲಿಲ್ಲ. ನಾಚಿಕೆಯಾಯಿತು.

"ತಪ್ಪು ನಂದೇ ಕಣಮ್ಮಾ" ಎಂದೆ. "ಸ್ವಾಮಿ ಸಾವನ್ನ ಒಂದು ಜನಾಂಗದ ತಲೆಗೆ ಕಟ್ಟಿ ಕಲಿಸ್ಬೇಡಿ ಅಂತ ಫಾದರ್ ಆವಾಗ್ಲೇ ಹೇಳಿದ್ರು. ಒಂದೇ ಪದದ ಉತ್ತರ, ತಿದ್ದೋಕೆ ಸುಲಭ ಅಂತ ಬಿಟ್ಬಿಟ್ಟೆ. ಪೇಪರ್ ಕೊಡು, ಮಾರ್ಕ್ ಹಾಕ್ತೀನಿ."

"ನಂಗೆ ಮಾರ್ಕ್ ಬೇಡ ಮೇಷ್ಟ್ರೇ" ಎಂದಳು ಸ್ಟೆಲ್ಲಾ, ಸಮಾಧಾನವಾಗಿಯೇ. "'ಯೆಹೂದ್ಯರು' ಅಂತ ಬರೆದಿದ್ದಕ್ಕೆ ಮಿಕ್ಕೋರ್ಗೆಲ್ಲ ಕೊಟ್ರಲ್ಲ, ಅದನ್ನ ವಾಪಸ್ ತಗೊಳ್ಳಿ."

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಲಿಸಿದ ಮಕ್ಕಳು. ಕೆಲವರು ಬಾಗಲಗುಂಟೆಯಲ್ಲಿದ್ದಾರೆ, ಕೆಲವರು ದುಬೈಯಲ್ಲಿ, ಒಬ್ಬ ಸ್ವತಃ ಫಾದರಾಗಿ ಪ್ರಸಂಗ ಮಾಡುತ್ತಿದ್ದಾನೆ. ಯಾರ ಮನೆಗೆ ಹೋಗಿ ಏನೆಂದು ಕೇಳಲಿ? ಅಷ್ಟರಲ್ಲಿ ಅನಿತಾ ಎದ್ದಳು. ಷೋಕೇಸ್ ತೆಗೆದು, ಆ ವರ್ಷದ ಟ್ರೋಫಿಯನ್ನು ಸ್ಟೆಲ್ಲಾಳ ತಟ್ಟೆಯ ಪಕ್ಕದಲ್ಲಿಟ್ಟು, "ವಾಪಸ್ ತಗೊಳ್ಳೋದು ನನ್ನಿಂದಾನೇ ಶುರುವಾಗ್ಲಿ" ಎಂದು ಬಂದು ಕೂತಳು. ಸ್ಟೆಲ್ಲಾ ಅದನ್ನು ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಎಲ್ಲರೂ ವರಾಂಡಕ್ಕೆ ಹೋಗಿ ದೋಸೆ ತಿಂದೆವು.

ಟ್ರೋಫಿ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅದರ ಹಿಂದೆ ಇಷ್ಟು ವರ್ಷ ಮರೆಯಾಗಿದ್ದ ಫಲಕವೊಂದು ಈಗ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. 'ಉತ್ತಮ ಉಪದೇಶಕ' ಎಂದು ಚಿನ್ನದ ಅಕ್ಷರ, ಕೆಳಗೆ ನನ್ನ ಹೆಸರು. ತೆಗೆದಿಡೋಣ ಎಂದರೆ ಫಿಲೋಮಿನಾ, "ಇರ್ಲಿ ಬಿಡಿ, ದಿನಾ ಓದ್ಕೊಳ್ಳಿ" ಎನ್ನುತ್ತಾಳೆ. ಹಾಗಾಗಿ ಮನೆಗೆ ಯಾರೇ ಬಂದರೂ ನಾನು ಷೋಕೇಸಿಗೆ ಬೆನ್ನು ಕೊಟ್ಟು, ನಿಂತುಕೊಂಡೇ ಮಾತಾಡುತ್ತೇನೆ.