ಒಂದೇ ಶಾಲಿನ ಕಾರ್ಪೊರೇಟರ್

ನಮ್ಮ ಸೋದರಮಾವ ಚುನಾವಣೆಯಲ್ಲಿ ಸೋತ ಸುದ್ದಿ ಹೈದರಾಬಾದಿನ ಇಡೀ ಮಲ್ಕಾಜ್‌ಗಿರಿಗೆ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು! ರೈಲ್ವೆ ನೌಕರಿ ಬಿಟ್ಟು ನಿಂತರು, ಗೆದ್ದರು, ಐದು ವರ್ಷ ನಳ, ಗಟಾರ ಎಂದು ಓಡಾಡಿದರು, ಸೋತರು. ಮುಗಿಯಿತಲ್ಲ? ಎಲ್ಲಿ ಮುಗಿಯಿತು! ದಿನಾ ಬೆಳಿಗ್ಗೆ ಇಸ್ತ್ರಿ ಜುಬ್ಬಾ ತೊಟ್ಟು, ಅಹವಾಲು ತರುವ ಜನರಿಗೆಂದು ಆರು ಪ್ಲಾಸ್ಟಿಕ್ ಕುರ್ಚಿ ಹಾಕಿ ವರಾಂಡದಲ್ಲಿ ಕೂರುತ್ತಿದ್ದರು. ಅತ್ತೆ ಆ ಕುರ್ಚಿಗಳ ಮೇಲೆ ಹಪ್ಪಳ ಒಣಹಾಕುತ್ತಿದ್ದರು.

"ಜನಾ ಬಂದ್ರ ಎಲ್ಲಿ ಕೂಡಬೇಕು?"

"ಹಿಂದಿನ ಹಪ್ಪಳಾ ಒಣಗಿ, ಕರದು ತಿಂದೂ ಆತು. ಯಾರರ ಬಂದ್ರೇನ್ರಿ?"

ಗಣೇಶನ ಪೆಂಡಾಲಿರಲಿ, ಬೋರ್‌ವೆಲ್ ಪೂಜೆಯಿರಲಿ, ಕಾರ್ಪೊರೇಟರ್‌ಗೆ ಶಾಲು ಹೊದಿಸಲೇಬೇಕು. ಸೋತವನಿಗೆ ಯಾರು ಹೊದಿಸುತ್ತಾರೆ? ಬಂದ ಶಾಲುಗಳೆಲ್ಲ ನೆಂಟರಿಗೆ ಹಂಚಿಹೋಗಿ, ಜರಿಯಂಚಿನ ಹಸಿರು ಶಾಲೊಂದು ಉಳಿದಿತ್ತು. ಮಾವ ಅದನ್ನೇ ಕೈಚೀಲದಲ್ಲಿ ಒಯ್ದು, ಸಂಘಟಕರ ಕೈಗಿಟ್ಟು, ಮೊದಲ ಸಾಲಿನಲ್ಲಿ ಕೂತುಬಿಡುತ್ತಿದ್ದರು! ಕನ್ನಡ ಸಂಘದ ಕಾರ್ಯದರ್ಶಿಯಾದ ತಪ್ಪಿಗೆ ನಾನೇ ಏಳು ಸಲ ಹೊದಿಸಿದ್ದೇನೆ. ಪ್ರತಿ ಸಲವೂ "ಇದೆಲ್ಲಾ ಯಾಕ ಬೇಕಿತ್ತಪಾ!" ಎಂದು ನಾಚುತ್ತಿದ್ದರು. ನನಗೋ, ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು.

ಒಮ್ಮೆ ನಾನು ಊರಲ್ಲಿರಲಿಲ್ಲ. ಸಂಘದವರು ಆ ಶಾಲನ್ನು ಹಾಲಿ ಕಾರ್ಪೊರೇಟರ್‌ಗೆ, ಅಂದರೆ ಮಾವನನ್ನು ಸೋಲಿಸಿದವನಿಗೇ ಹೊದಿಸಿಬಿಟ್ಟರು! ಆತ ಹೊದ್ದುಕೊಂಡೇ ಕಾರು ಹತ್ತಿ ಹೋದ. ಮಾವ ಚಪ್ಪಾಳೆ ತಟ್ಟಿ ಮನೆಗೆ ಬಂದು ಎರಡು ದಿನ ಊಟ ಬಿಟ್ಟರು.

"ಕುರ್ಚೀನೂ ಅವಗ, ಶಾಲೂ ಅವಗ ಕೊಟ್ಟು ಬಂದ್ರೇನು?" ಎಂದು ಬೈದ ಅತ್ತೆ, ಮೂರನೆಯ ದಿನ ತಾವೇ ಆತನ ಮನೆ ಬಾಗಿಲಿಗೆ ಹೋಗಿ, ಹರಕುಮುರುಕು ತೆಲುಗಿನಲ್ಲಿ ಕೇಳಿ ಶಾಲು ತಂದರು. ಇಸ್ತ್ರಿ ಮಾಡಿ ಕೈಚೀಲದಲ್ಲಿಟ್ಟವರೂ ಅವರೇ. ಇಂಥವರಿಗೆ ಬುದ್ಧಿ ಹೇಳುವುದು ಹೇಗೆ? ನಾನು ಕೈಚೆಲ್ಲಿದೆ.

ಹೋದ ತಿಂಗಳು ಅತ್ತೆ ತೀರಿಕೊಂಡರು. ವಾರ್ಡಿನ ಜನ ಬರುತ್ತಾರೆಂದು ಮಾವ ಆರೂ ಕುರ್ಚಿ ಒರೆಸಿ ಸಾಲಾಗಿಟ್ಟರು. ಬಂದದ್ದು ಪಕ್ಕದ ಮನೆಯ ಗಂಡಹೆಂಡತಿ ಮಾತ್ರ. ಅತ್ತೆಯನ್ನು ಎತ್ತುವ ಹೊತ್ತಾಯಿತು.

"ಇನ್ನ ಸ್ವಲ್ಪ ತಡೀರಿ, ಬರ್ತಾರ."

ತಡೆದೆವು. ಯಾರೂ ಬರಲಿಲ್ಲ. ಆ ನಾಲ್ಕು ಖಾಲಿ ಕುರ್ಚಿಗಳನ್ನು ನೋಡಲಾರದೆ ನನಗೆ ಅಳು ಬಂತು.

ಮಾವ ಒಳಗೆ ಹೋಗಿ ಹಸಿರು ಶಾಲು ತಂದು ನನ್ನ ಕೈಗಿಟ್ಟರು. ಏಳು ಸಲದ ಅಭ್ಯಾಸವಲ್ಲವೇ, ಬಿಡಿಸಿ ಅವರ ಹೆಗಲಿಗೇ ಒಯ್ದೆ. ಅವರು ನನ್ನ ಕೈ ಹಿಡಿದು ಅತ್ತೆಯ ಕಡೆಗೆ ತಿರುಗಿಸಿದರು.

"ನನಗಲ್ಲಪಾ. ಐದು ವರ್ಷ ಬಂದವರಿಗೆಲ್ಲಾ ಚಹಾ ಮಾಡಿ ಕೊಟ್ಟಾಕಿ ಈಕಿ. ಈಕಿಗೆ ಹೊದಿಸು."